ಬಿಲ್ಲಿಗಲ್ಲ, ಕತ್ತಲಿಗೆ ಸೋಲಾರ್ ಹಾಕಿಸಿ

ಹೋದ ವಾರ ಹಗರಿಬೊಮ್ಮನಹಳ್ಳಿ ಕಡೆಯ ದಾಳಿಂಬೆ ಬೆಳೆಗಾರ ಹುಡುಗನೊಬ್ಬ ಫೋನ್ ಮಾಡಿದ್ದ. ಊರಿಂದ ಎರಡು ಕಿಲೋಮೀಟರ್ ದೂರ, ತೋಟದಲ್ಲೇ ಮನೆ. "ಅಣ್ಣ, ಮೂರು ಕಿಲೋವ್ಯಾಟ್ ಸೋಲಾರ್‌ಗೆ ಕೊಟೇಶನ್ ಕೊಟ್ಟಾರ. ಸಬ್ಸಿಡಿ 78 ಸಾವಿರ ಬರ್ತೈತಂತ. ಹಾಕಿಸ್ಲಾ?" ಅಂದ. ನಾನು ಒಂದೇ ಮಾತು ಕೇಳಿದೆ. "ಕರೆಂಟ್ ಹೋದಾಗ ಅದು ನಡೀತದಾ ಅಂತ ಕೇಳಿದ್ಯಾ?" ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. "ಸೋಲಾರ್ ಅಂದ್ಮ್ಯಾಲೆ ನಡೀಬೇಕಲ್ಲಣ್ಣ" ಅಂದ.

ನಡೆಯಲ್ಲ. ಸಬ್ಸಿಡಿಯಲ್ಲಿ ಸಾಮಾನ್ಯವಾಗಿ ಹಾಕೋದು ಲೈನಿಗೆ ಜೋಡಿಸುವ ಇನ್ವರ್ಟರ್, ಆನ್‌ಗ್ರಿಡ್ ಅಂತಾರಲ್ಲ ಅದು. ಲೈನಿನಲ್ಲಿ ಕರೆಂಟ್ ಇದ್ದರೆ ಮಾತ್ರ ಅದು ಕೆಲಸ ಮಾಡುತ್ತೆ. ಲೈನ್ ಸತ್ತ ತಕ್ಷಣ ಅದೂ ಬಂದ್, ಮಧ್ಯಾಹ್ನ ನೆತ್ತಿ ಸುಡುವ ಬಿಸಿಲಿದ್ದರೂ ಬಂದ್. ಇದು ದೋಷ ಅಲ್ಲ. ಕಂಬ ಹತ್ತಿದ ಲೈನ್‌ಮನ್‌ಗೆ ನಮ್ಮ ಮನೆಯಿಂದ ವಾಪಸ್ ಹೋದ ಕರೆಂಟ್ ಹೊಡೆಯಬಾರದು ಅಂತ ಬೇಕಂತಲೇ ಹಾಗೆ ಮಾಡಿರ್ತಾರೆ. ಆದರೆ ಕೊಟೇಶನ್ ಕೊಡುವವರು ಈ ಮಾತನ್ನು ತಾವಾಗಿ ಹೇಳೋದು ಕಡಿಮೆ.

ಇನ್ನು ಬಿಲ್ಲಿನ ಲೆಕ್ಕ. ಪಿಎಂ ಸೂರ್ಯಘರ್ ಯೋಜನೆ ಶುರುವಾಗಿದ್ದು 2024ರ ಫೆಬ್ರವರಿಯಲ್ಲಿ. 1 ಕಿಲೋವ್ಯಾಟ್‌ಗೆ 30 ಸಾವಿರ, 2ಕ್ಕೆ 60 ಸಾವಿರ, 3 ಮತ್ತು ಅದಕ್ಕಿಂತ ಮೇಲೆ ಎಷ್ಟೇ ಹಾಕಿದರೂ 78 ಸಾವಿರ ಸಬ್ಸಿಡಿ. ಒಳ್ಳೆಯ ಯೋಜನೆಯೇ, ನಾನು ಬೈಯಲ್ಲ. ತಿಂಗಳಿಗೆ ಮುನ್ನೂರು ನಾನೂರು ಯೂನಿಟ್ ಬಿಲ್ ಕಟ್ಟುವ ಮನೆ ಇದ್ದರೆ ಕಣ್ಣು ಮುಚ್ಚಿ ಹಾಕಿಸಿ. ಆದರೆ ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿ ಕಡೆಯ ಹಳ್ಳಿ ಮನೆಗಳಲ್ಲಿ ಅಷ್ಟು ಸುಡುವವರು ಎಷ್ಟು ಜನ? 2023ರ ಜುಲೈಯಿಂದ ಗೃಹಜ್ಯೋತಿ ಇದೆ. ನಿಮ್ಮ ಸರಾಸರಿ ಬಳಕೆಯ ಮೇಲೆ ಸ್ವಲ್ಪ ಸೇರಿಸಿ, 200 ಯೂನಿಟ್ ಮಿತಿಯೊಳಗೆ ಬಿಲ್ ಸೊನ್ನೆ. ಸೊನ್ನೆಯಲ್ಲಿ ಉಳಿತಾಯ ಏನು ಮಾಡ್ತೀರಿ? ಸಬ್ಸಿಡಿ ಕಳೆದು ಉಳಿದ ಲಕ್ಷ ಚಿಲ್ಲರೆ ಸಾಲಕ್ಕೆ ಬಡ್ಡಿ ಕಟ್ಟಬೇಕು. ಕರೆಂಟ್ ಹೋದಾಗ ಮತ್ತೆ ಚಿಮಣಿ ಹುಡುಕಬೇಕು.

ಹಾಗಾಗಿ ನನ್ನ ಅಭಿಪ್ರಾಯ ಇಷ್ಟು. ನಮ್ಮ ಈ ಐದು ತಾಲೂಕುಗಳಲ್ಲಿ ಮನೆಗೆ ಸೋಲಾರ್ ಬೇಕಾಗಿರೋದು ಬಿಲ್ ಉಳಿಸೋಕೆ ಅಲ್ಲ, ಕತ್ತಲು ಕಳೆಯೋಕೆ. ಅದಕ್ಕೆ ಮೂರು ಕಿಲೋವ್ಯಾಟ್ ಬೇಡ. ಒಂದು ದೊಡ್ಡ ಪ್ಯಾನಲ್, ಒಂದು ಲಿಥಿಯಂ ಬ್ಯಾಟರಿ, ಒಂದು ಸರಿಯಾದ ಇನ್ವರ್ಟರ್ ಸಾಕು. ಸಬ್ಸಿಡಿ ಸಿಗಲ್ಲ, ಬ್ಯಾಟರಿಗಂತೂ ಸೂರ್ಯಘರ್‌ನಲ್ಲಿ ಒಂದು ರೂಪಾಯಿ ಇಲ್ಲ. ಆದರೂ ಇದೇ ಲಾಭ.

ಊರೊಳಗಿನ ಮನೆಗಳ ಕಷ್ಟ ಅಷ್ಟಿಲ್ಲ. ನಿರಂತರ ಜ್ಯೋತಿ ಬಂದ ಮೇಲೆ ಊರಿನ ಲೈನ್ ಬೇರೆ, ಪಂಪ್‌ಸೆಟ್ ಲೈನ್ ಬೇರೆ. ಕಷ್ಟ ಇರೋದು ನನ್ನಂಥ ಹೊಲದ ಮನೆಯವರಿಗೆ. ನಮಗೆ ಪಂಪ್‌ಸೆಟ್ ಫೀಡರೇ ಗತಿ. ತ್ರೀ ಫೇಸ್ 7 ತಾಸು, ಅದೂ ಪಾಳಿ ಮೇಲೆ. ಉಳಿದ ಹೊತ್ತು ಬಂದಷ್ಟು ಬಂತು. ಗುಡ್ಡದ ಮೇಲೆ ಗಾಳಿ ಫ್ಯಾನುಗಳು ರಾತ್ರಿಯಿಡೀ ಕೆಂಪು ದೀಪ ಮಿಣುಕಿಸುತ್ತಾ ತಿರುಗ್ತಿರ್ತವೆ, ಕೆಳಗೆ ನಾವು ಟಾರ್ಚ್ ಹಿಡಿದು ದನದ ಕೊಟ್ಟಿಗೆಗೆ ಹೋಗ್ತೀವಿ. ನನ್ನ ಅವ್ವ ಒಮ್ಮೆ ರಾತ್ರಿ ಎಮ್ಮೆ ಒದರ್ತೈತಿ ಅಂತ ಎದ್ದು ಹೋದಾಗ ಹೊಸ್ತಿಲ ಪಕ್ಕ ಹಾವು ಮಲಗಿತ್ತು. ಫೋನಿನ ಬೆಳಕಲ್ಲಿ ಕಂಡಿದ್ದು ಪುಣ್ಯ. ಗುಡೇಕೋಟೆ ಕಡೆಯವರಿಗೆ ಕರಡಿ ಭಯ ಬೇರೆ. ಹಡಗಲಿಯ ಮಲ್ಲಿಗೆಯವರು ಬೆಳಕು ಹರಿಯೋ ಮುಂಚೆ ಹೂ ಬಿಡಿಸಬೇಕು, ತಲೆಗೆ ಕಟ್ಟೋ ಬ್ಯಾಟರಿ ಚಾರ್ಜ್ ಆಗದಿದ್ದರೆ ಆ ದಿನದ ಹೂವಿಗೆ ಬಸ್ ತಪ್ಪುತ್ತೆ.

ಈಗ ಲೆಕ್ಕಕ್ಕೆ ಬನ್ನಿ. ಅಂಗಡಿಯವರು ಮೊದಲು ಇನ್ವರ್ಟರ್ ತೋರಿಸ್ತಾರೆ, ಆಮೇಲೆ ಬ್ಯಾಟರಿ, ಕೊನೆಗೆ ಪ್ಯಾನಲ್. ನೀವು ಉಲ್ಟಾ ಹೋಗಿ. ಫೋನಿನ ನೋಟ್ಸ್ ತೆಗೆದು, ಕರೆಂಟ್ ಇಲ್ಲದ ರಾತ್ರಿ ಏನೇನು ಉರೀಬೇಕು ಅಂತ ಬರೀರಿ. 9 ವ್ಯಾಟಿನ ಎಲ್‌ಇಡಿ ಐದು, ತಲಾ 5 ತಾಸು ಅಂದರೆ 225 ವ್ಯಾಟ್-ಅವರ್. ಟಿವಿ 50 ವ್ಯಾಟ್, 3 ತಾಸಿಗೆ 150. ಕ್ಯಾಮೆರಾ, ವೈಫೈ, ಮೊಬೈಲ್ ಎಲ್ಲಾ ಸೇರಿ ಒಂದು 120. ಇಲ್ಲಿವರೆಗೆ 500 ಕೂಡ ಆಗಿಲ್ಲ ನೋಡಿ. ಈಗ ಫ್ಯಾನ್ ಸೇರಿಸಿ. ಹಳೇ ಫ್ಯಾನ್ 75 ವ್ಯಾಟ್, ಎರಡು ಫ್ಯಾನು 8 ತಾಸಿಗೆ 1200. ಬಿಎಲ್‌ಡಿಸಿ ಫ್ಯಾನ್ ಆದರೆ 30 ವ್ಯಾಟ್, ಅದೇ ಎರಡು ಫ್ಯಾನಿಗೆ 480. ಒಟ್ಟು ಲೆಕ್ಕ 1700ರಿಂದ 1000ದ ಒಳಗೆ ಇಳಿಯಿತು. ಅಂದರೆ ಎರಡು ಫ್ಯಾನ್ ಬದಲಿಸಿದರೆ ಹೆಚ್ಚುಕಮ್ಮಿ ಅರ್ಧ ಬ್ಯಾಟರಿಯ ಖರ್ಚು ಉಳೀತು. ಸೋಲಾರ್ ಅಂಗಡಿಗೆ ಹೋಗೋ ಮೊದಲು ಫ್ಯಾನ್ ಅಂಗಡಿಗೆ ಹೋಗಿ ಅಂತ ನಾನು ಎಲ್ಲರಿಗೂ ಹೇಳೋದು ಇದಕ್ಕೇ.

1000 ವ್ಯಾಟ್-ಅವರ್‌ಗೆ 12.8 ವೋಲ್ಟಿನ 100 ಎಎಚ್ ಲಿಥಿಯಂ ಒಂದು ಸಾಕಾಗುತ್ತೆ. ಅದರ ಒಟ್ಟು ಶಕ್ತಿ 1280. ಅದರಲ್ಲಿ ನೂರಕ್ಕೆ ತೊಂಬತ್ತು ಬಳಸಬಹುದು, ಇನ್ವರ್ಟರ್ ತಿನ್ನೋದು ಕಳೆದು ಕೈಗೆ ಸಾವಿರ ಬರುತ್ತೆ. 150 ಎಎಚ್ ಟ್ಯೂಬುಲರ್ ಕಾಗದದ ಮೇಲೆ 1800. ಆದರೆ ದಿನಾ ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಅದು ಬೇಗ ಸಾಯುತ್ತೆ, ಹಾಗಾಗಿ ಕೈಗೆ ಸಿಗೋದು 800ರ ಆಸುಪಾಸು. ಮೇಲೆ ನೀರು ಹಾಕಬೇಕು, ಆ್ಯಸಿಡ್ ಹಬೆ, ಐವತ್ತು ಕೆಜಿಗೂ ಮೇಲೆ ತೂಕ. ನನ್ನ ಮೊದಲ ಟ್ಯೂಬುಲರ್ ಎರಡೂವರೆ ವರ್ಷಕ್ಕೆ ಹೋಯಿತು. ತಪ್ಪು ಬ್ಯಾಟರಿಯದ್ದಲ್ಲ, ಶೇಂಗಾ ಸುಗ್ಗಿಯಲ್ಲಿ ಎರಡು ತಿಂಗಳು ನೀರು ನೋಡಿರಲಿಲ್ಲ.

ಹಾಗಂತ ಎಲ್ಲರೂ ಲಿಥಿಯಂಗೆ ಓಡಬೇಕಿಲ್ಲ. ಊರೊಳಗೆ ಮನೆ, ವಾರಕ್ಕೆ ಎರಡು ಸಲ ಒಂದೊಂದು ತಾಸು ಕರೆಂಟ್ ಹೋಗುತ್ತೆ ಅನ್ನೋರು ಇರುವ ಟ್ಯೂಬುಲರ್‌ನ್ನೇ ನೀರು ಹಾಕಿ ಚೆನ್ನಾಗಿ ನೋಡಿಕೊಳ್ಳಿ. ದಿನಾ ರಾತ್ರಿ ಬ್ಯಾಟರಿ ಮೇಲೇ ಬದುಕುವವರಿಗೆ ಲಿಥಿಯಂ. ಒಂದು ರಾತ್ರಿ ಖಾಲಿ ಮಾಡಿ ಮರುದಿನ ತುಂಬಿಸಿದರೆ ಒಂದು ಸುತ್ತು. ಒಳ್ಳೆಯ ಲಿಥಿಯಂ ಎರಡು ಸಾವಿರ ಸುತ್ತಿಗೂ ಮೀರಿ ಬರುತ್ತೆ, ಅಂದರೆ ಐದಾರು ವರ್ಷ ದಿನಾ ದುಡಿಯುತ್ತೆ.

ಲಿಥಿಯಂ ಅಂದ ತಕ್ಷಣ ಸ್ಕೂಟರ್‌ಗೆ ಬೆಂಕಿ ಹತ್ತಿದ ವಿಡಿಯೋ ನೆನಪಾಗಬಹುದು. ಲಿಥಿಯಂನಲ್ಲೂ ಜಾತಿಗಳಿವೆ. ಮನೆಗೆ ಬೇಕಾದ್ದು ಎಲ್‌ಎಫ್‌ಪಿ, ಅಂದರೆ ಲಿಥಿಯಂ ಐರನ್ ಫಾಸ್ಫೇಟ್. ಇದು ಸುಲಭಕ್ಕೆ ಬೆಂಕಿ ಹಿಡಿಯುವ ಜಾತಿ ಅಲ್ಲ. 1997ರಲ್ಲಿ ಇದನ್ನು ಜಗತ್ತಿಗೆ ತೋರಿಸಿದ ಪ್ರಬಂಧದಲ್ಲಿ ಮೂರು ಹೆಸರುಗಳಿವೆ: ಪಾಧಿ, ನಂಜುಂಡಸ್ವಾಮಿ, ಗುಡ್‌ಇನಫ್. ಗುಡ್‌ಇನಫ್ ಅವರಿಗೆ ಲಿಥಿಯಂ ಬ್ಯಾಟರಿ ಕೆಲಸಕ್ಕೇ 2019ರಲ್ಲಿ ನೊಬೆಲ್ ಬಂತು. ನಂಜುಂಡಸ್ವಾಮಿ ಅನ್ನೋ ಹೆಸರು ಅಲ್ಲಿ ಕಂಡಾಗ ನನಗೆ ಒಂಥರಾ ಖುಷಿ. ನಮ್ಮ ರೈತಸಂಘದ ಪ್ರೊಫೆಸರ್ ಅಲ್ಲ, ಇವರು ಬೇರೆ.

ಅಂಗಡಿಯಲ್ಲಿ ಡಬ್ಬಿ ಮೇಲೆ ಎಲ್‌ಎಫ್‌ಪಿ ಅಂತ ಬರೆದಿದ್ದರೆ ಸಾಲದು. ಗಾಡಿಯಿಂದ ತೆಗೆದ ಹಳೇ ಸೆಲ್ ಜೋಡಿಸಿ ಹೊಸ ಸ್ಟಿಕ್ಕರ್ ಅಂಟಿಸುವವರಿದ್ದಾರೆ. ಒಂದು ಸುಲಭ ಪರೀಕ್ಷೆ ತೂಕ. 100 ಎಎಚ್‌ನ ನಾಲ್ಕು ಸೆಲ್ ಇರುವ ಬ್ಯಾಟರಿ ಸುಮಾರು 10ರಿಂದ 13 ಕೆಜಿ ತೂಗಬೇಕು. ಆರೇಳು ಕೆಜಿ ಬಂದರೆ ಒಳಗೆ ಹೇಳಿದಷ್ಟು ಇಲ್ಲ ಅಂತಲೇ ಅರ್ಥ. ಹಳೇ ಸೆಲ್ ತೂಕದಲ್ಲಿ ಗೊತ್ತಾಗಲ್ಲ, ಅದಕ್ಕೆ ಮನೆಗೆ ತಂದು ಫುಲ್ ಚಾರ್ಜ್ ಮಾಡಿ 100 ವ್ಯಾಟ್ ಲೋಡ್ ಹಾಕಿ ಬಿಡಿ. 9-10 ತಾಸು ಉರೀಬೇಕು. ಮೊದಲ ವಾರದಲ್ಲೇ ಮಾಡಿ, ಬಿಲ್ಲಿನ ಮೇಲೆ ಬ್ಯಾಟರಿಯ ಸೀರಿಯಲ್ ನಂಬರ್ ಬರೆಸಿಕೊಂಡಿರಿ. ಬಿಲ್ ಇಲ್ಲದೆ ಕಡಿಮೆಗೆ ಕೊಡ್ತೀನಿ ಅಂದರೆ ವಾರಂಟಿಯೂ ಇಲ್ಲ ಅಂತ ತಿಳೀರಿ. ರಿಪೇರಿಗೆ ಹೊಸಪೇಟೆ ಅಥವಾ ದಾವಣಗೆರೆಯಲ್ಲಾದರೂ ಜನ ಇರುವ ಕಂಪನಿ ಆಗಿರಲಿ.

ಈಗ ನಾನು ಮೋಸ ಹೋದ ಕಥೆ. ಟ್ಯೂಬುಲರ್ ಕಾಲದಲ್ಲಿ ನನಗೆ 540 ವ್ಯಾಟ್ ಪ್ಯಾನಲ್ ಮಾರಿದ ಅಂಗಡಿಯವನು ಅದನ್ನು ಪಿಡಬ್ಲ್ಯೂಎಂ ಅನ್ನೋ ಅಗ್ಗದ ಚಾರ್ಜ್ ಕಂಟ್ರೋಲರ್‌ಗೆ ಜೋಡಿಸಿ ಹೋದ. ಒಂದು ವರ್ಷ ಬ್ಯಾಟರಿ ತುಂಬಲೇ ಇಲ್ಲ, ನಾನು ಧೂಳು ಅಂತ ದಿನಾ ಪ್ಯಾನಲ್ ತೊಳೆದೆ. ಕೊನೆಗೆ ಗೆಳೆಯನ ಕ್ಲ್ಯಾಂಪ್ ಮೀಟರ್ ತಂದು ಅಳೆದರೆ 13 ಆಂಪಿಯರ್. ದೊಡ್ಡ ಪ್ಯಾನಲ್ ಕೆಲಸ ಮಾಡೋದು 41 ವೋಲ್ಟ್ ಆಸುಪಾಸಿನಲ್ಲಿ, ಬ್ಯಾಟರಿ ಇರೋದು 13 ವೋಲ್ಟ್. ಪಿಡಬ್ಲ್ಯೂಎಂ ಹೆಚ್ಚಿನ ವೋಲ್ಟನ್ನು ಸುಮ್ಮನೆ ಬಿಸಾಡುತ್ತೆ. 13 ಆಂಪಿಯರ್ ಗುಣಿಸು 13 ವೋಲ್ಟ್, ಸುಮಾರು 170 ವ್ಯಾಟ್. 540ರ ದುಡ್ಡು ಕೊಟ್ಟು 170 ತಗೊಂಡಿದ್ದೆ. ಇನ್ನೂ ಕೆಟ್ಟದ್ದೂ ಆಗಬಹುದಿತ್ತು. ಎಷ್ಟೋ 12 ವೋಲ್ಟ್ ಕಂಟ್ರೋಲರ್‌ಗಳು 25 ವೋಲ್ಟ್ ಮಾತ್ರ ತಡೀತವೆ, ಈ ಪ್ಯಾನಲ್ ಲೋಡ್ ಇಲ್ಲದಾಗ ಹತ್ತಿರ 50 ಕೊಡುತ್ತೆ. ದೊಡ್ಡ ಪ್ಯಾನಲ್‌ಗೆ ಎಂಪಿಪಿಟಿ ಇರೋ ಇನ್ವರ್ಟರೇ ಬೇಕು. ಕೊಟೇಶನ್ನಿನಲ್ಲಿ ಆ ನಾಲ್ಕು ಅಕ್ಷರ ಹುಡುಕಿ, ಪಕ್ಕದಲ್ಲೇ ಎಷ್ಟು ವೋಲ್ಟ್ ತನಕ ತಡೆಯುತ್ತೆ ಅಂತ ಬರೆಸಿ.

ಲಿಥಿಯಂ ತಂದು ಹಳೇ ಇನ್ವರ್ಟರ್‌ಗೆ ಸಿಕ್ಕಿಸೋರೂ ಇದ್ದಾರೆ. ಇನ್ವರ್ಟರ್‌ನಲ್ಲಿ ಲಿಥಿಯಂ ಸೆಟ್ಟಿಂಗ್ ಇದ್ದರೆ ಸರಿ. ಈ ಬ್ಯಾಟರಿಗೆ ಚಾರ್ಜ್ 14.6 ವೋಲ್ಟ್ ದಾಟಬಾರದು, ಟ್ಯೂಬುಲರ್ ಸೆಟ್ಟಿಂಗ್ ಕೆಲವು ಸಲ ದಾಟುತ್ತೆ. ಆಗ ಬ್ಯಾಟರಿಯೊಳಗಿನ ಬಿಎಂಎಸ್ ತಾನೇ ಕಟ್ ಮಾಡಿಕೊಳ್ಳುತ್ತೆ, ನೀವು ಬ್ಯಾಟರಿ ಕೆಟ್ಟಿತು ಅಂತ ಬೈಯ್ತೀರಿ. ಇನ್ನೊಂದು, ಹಳೇ ಇನ್ವರ್ಟರ್‌ನ ಬ್ಯಾಟರಿ ಕಡ್ಡಿಗಳನ್ನು ನಂಬಬೇಡಿ. ಎಲ್‌ಎಫ್‌ಪಿ ತುಂಬಿದ್ದರೂ ಅರ್ಧವಾಗಿದ್ದರೂ ವೋಲ್ಟ್ ಹೆಚ್ಚುಕಮ್ಮಿ ಒಂದೇ ತೋರಿಸುತ್ತೆ, ಆಮೇಲೆ ದಿಢೀರ್ ಬೀಳುತ್ತೆ. ಇನ್ವರ್ಟರ್ ಸುಮ್ಮನೆ ಕೂತಾಗಲೂ 10-15 ವ್ಯಾಟ್ ತಿನ್ನುತ್ತೆ, ದಿನಕ್ಕೆ ಮುನ್ನೂರು ವ್ಯಾಟ್-ಅವರ್ ಅಲ್ಲೇ ಹೋಯಿತು. ಕೊಳ್ಳುವಾಗ ಇದನ್ನೂ ಕೇಳಿ, ಅಂಗಡಿಯವನು ನಿಮ್ಮ ಮುಖ ನೋಡ್ತಾನೆ, ನೋಡಲಿ.

ವೈರ್ ಬಗ್ಗೆ ಜಿಪುಣತನ ಬೇಡ. 12 ವೋಲ್ಟ್‌ನಲ್ಲಿ 600 ವ್ಯಾಟ್ ಎಳೆದರೆ 50 ಆಂಪಿಯರ್ ಹರಿಯುತ್ತೆ. ಬ್ಯಾಟರಿಯಿಂದ ಇನ್ವರ್ಟರ್‌ಗೆ ಕನಿಷ್ಠ 16 ಚದರ ಮಿ.ಮೀ. ತಾಮ್ರ, ಒಂದೂವರೆ ಮೀಟರ್ ಒಳಗೆ, ನಡುವೆ ಫ್ಯೂಸ್. ಪ್ಯಾನಲ್ ಕಡೆಗೆ ಡಿಸಿ ಎಂಸಿಬಿಯೇ ಆಗಬೇಕು, ಮನೆ ಬೋರ್ಡಿನ ಎಸಿ ಎಂಸಿಬಿ ಅಲ್ಲಿ ಕಿಡಿ ಆರಿಸಲ್ಲ. ಅರ್ತಿಂಗ್ ಮತ್ತು ಸಿಡಿಲು ತಡೆಯೋ ಎಸ್‌ಪಿಡಿ ಭರಣಿ ಮಳೆ ಗುಡುಗೋ ಮುಂಚೆ ಇರಲಿ. ಮಣ್ಣಿನ ಮಾಳಿಗೆ ಮನೆಯಾದರೆ ಮೇಲೆ ಸ್ಟ್ಯಾಂಡ್ ನೆಡಬೇಡಿ, ಮಳೆಗಾಲಕ್ಕೆ ಸೋರುತ್ತೆ. ಅಂಗಳದಲ್ಲಿ ಕಂಬ ಹುಗಿದು ದಕ್ಷಿಣಕ್ಕೆ 15 ಡಿಗ್ರಿ ವಾಲಿಸಿ, ಆಷಾಢದ ಗಾಳಿಗೆ ತಡೆಯುವಷ್ಟು ಕಾಂಕ್ರೀಟ್ ಹಾಕಿ. ಬೇವಿನ ನೆರಳು ಪ್ಯಾನಲ್‌ನ ಮೂಲೆಗೆ ಬಿದ್ದರೂ ಉತ್ಪಾದನೆ ಚೆನ್ನಾಗಿ ಇಳಿಯುತ್ತೆ. ಬ್ಯಾಟರಿಯನ್ನು ತಗಡಿನ ಶೆಡ್ಡಿನಲ್ಲಿಡಬೇಡಿ, ಏಪ್ರಿಲ್‌ನಲ್ಲಿ ಒಳಗೆ ಕೈ ಇಡೋಕಾಗಲ್ಲ. ಮಣ್ಣಿನ ಗೋಡೆಯ ತಣ್ಣನೆ ಕೋಣೆಯೇ ಅದಕ್ಕೆ ಸುಖ. ಬಿಸಿಲು ಜಾಸ್ತಿ ಇದ್ದರೆ ಕರೆಂಟ್ ಜಾಸ್ತಿ ಅನ್ನೋದೂ ಪೂರ್ತಿ ನಿಜವಲ್ಲ. ಪ್ಯಾನಲ್ 65 ಡಿಗ್ರಿ ಕಾದರೆ 540ರಲ್ಲಿ ಎಪ್ಪತ್ತು ವ್ಯಾಟ್‌ಗೂ ಮೇಲೆ ಬಿಸಿಗೇ ಹೋಗುತ್ತೆ.

ಬೋರ್‌ವೆಲ್ ಮೋಟರ್ ಇದರ ಮೇಲೆ ನಡೆಸೋ ಆಸೆ ಬೇಡ. ಅದಕ್ಕೆ ಕುಸುಮ್-ಬಿ ಇದೆ, ಅದು ಬೇರೆ ಲೇಖನದ ಮಾತು.

ಫೋನ್ ಮಾಡಿದ್ದ ಹುಡುಗ ನಿನ್ನೆ ಮತ್ತೆ ಮಾಡಿದ್ದ. ಮೂರು ಕಿಲೋವ್ಯಾಟ್ ಬೇಡ ಅಂದನಂತೆ, ಅಂಗಡಿಯವನಿಗೆ ಸಿಟ್ಟು. ಎರಡು ಬಿಎಲ್‌ಡಿಸಿ ಫ್ಯಾನ್ ತಂದಿದ್ದಾನೆ. ಬ್ಯಾಟರಿ ದಾಳಿಂಬೆ ಕೊಯ್ಲಿನ ದುಡ್ಡು ಬಂದ ಮೇಲೆ. "ಅಣ್ಣ, ಅಂಗಡಿಗೆ ತಕ್ಕಡಿ ತಗೊಂಡು ಹೋದ್ರೆ ನಗಲ್ವಾ?" ಅಂತ ಕೇಳಿದ. ದಾಳಿಂಬೆ ಬಾಕ್ಸ್ ತೂಗೋ ಡಿಜಿಟಲ್ ಕಾಟಾ ಇದೆಯಲ್ಲ, ಅದನ್ನೇ ಬೈಕ್ ಮೇಲೆ ಇಟ್ಕೊಂಡು ಹೋಗು ಅಂದೆ.