ಮದ್ದಿನ ಡ್ರಮ್ಮಿಗೆ ಹೊಣೆ ಯಾರು?

ತೋಟಕ್ಕೆ ಮದ್ದಿನ ಡ್ರಮ್ ಬರುವಾಗ ಜತೆಗೆ ಬಿಲ್ಲು ಬರುತ್ತದೆ. ಎಷ್ಟು ಲೀಟರ್, ಎಷ್ಟು ರೂಪಾಯಿ ಎಂಬುದೆಲ್ಲ ಅದರಲ್ಲಿರುತ್ತದೆ. ಅದನ್ನು ಬೆರೆಸಿದವರು ಯಾರು, ಬೆನ್ನಿಗೆ ಪಂಪು ಕಟ್ಟಿ ಹೊಡೆದವರು ಯಾರು, ಖಾಲಿ ಡ್ರಮ್ ಎಲ್ಲಿಗೆ ಹೋಯಿತು ಎಂಬುದನ್ನು ಬರೆದಿಡುವವರು ವಿರಳ. ಹೆಚ್ಚು ಲೀಟರ್ ಖರ್ಚಾದಷ್ಟೂ ಮಾರುವವನಿಗೆ ಲಾಭ. ನಷ್ಟ ಬೀಳುವುದು ನಮ್ಮ ಮೈಗೆ.

ಈ ಲೆಕ್ಕವನ್ನು ತಿರುಗಿಸಿದ ಒಂದು ಏರ್ಪಾಡು ಕಾರ್ಖಾನೆಗಳಲ್ಲಿದೆ. ಅದನ್ನು ರಾಸಾಯನಿಕ ನಿರ್ವಹಣಾ ಸೇವೆ ಎನ್ನುತ್ತಾರೆ. 1980ರ ದಶಕದಲ್ಲಿ ಅಮೆರಿಕದ ಮೋಟಾರು ಕಾರ್ಖಾನೆಗಳಲ್ಲಿ ಅದು ಬೇರುಬಿಟ್ಟಿತು. ಬಣ್ಣ ಒದಗಿಸುವ ಕಂಪೆನಿಗೆ ಲೀಟರಿನ ಮೇಲೆ ಹಣ ಕೊಡದೆ, ಬಣ್ಣ ಹೊಡೆದು ಹೊರಬಂದ ಒಂದೊಂದು ಕಾರಿಗೆ ಇಷ್ಟೆಂದು ಕೊಡುವ ಕ್ರಮ ಬಂತು. ಆಗ ಪೋಲು ಮಾಡಿದರೆ ನಷ್ಟ ಕಂಪೆನಿಗೇ. ತರುವುದು, ಇಡುವುದು, ಬಳಸುವುದು, ಉಳಿದದ್ದನ್ನು ವಿಲೇವಾರಿ ಮಾಡುವುದು ಎಲ್ಲಕ್ಕೂ ಒದಗಿಸುವವರು ಹೆಗಲು ಕೊಡಬೇಕು. 2004ರಿಂದ ವಿಶ್ವಸಂಸ್ಥೆಯ ಕೈಗಾರಿಕಾ ಅಭಿವೃದ್ಧಿ ಸಂಸ್ಥೆಯು ಇಂಥದೇ ಕ್ರಮವನ್ನು 'ಕೆಮಿಕಲ್ ಲೀಸಿಂಗ್' ಎಂಬ ಹೆಸರಿನಲ್ಲಿ ಅನೇಕ ದೇಶಗಳಿಗೆ ಪರಿಚಯಿಸಿದೆ.

ತೋಟದ ಮದ್ದಿಗೆ ಇಂಥ ಹೊಣೆಗಾರರಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಕಾಸರಗೋಡೇ ಸಾಕ್ಷಿ. ಅಲ್ಲಿನ ಸರಕಾರಿ ಗೇರು ತೋಟಗಳ ಮೇಲೆ 1970ರ ದಶಕದಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. 2011ರಲ್ಲಿ ಸುಪ್ರೀಂ ಕೋರ್ಟು ದೇಶವಿಡೀ ಅದನ್ನು ತಡೆಯಿತು. ಬಾಧಿತರಿಗೆ ತಲಾ 5 ಲಕ್ಷ ರೂಪಾಯಿ ಕೊಡುವಂತೆ 2017ರಲ್ಲಿ ಕೇರಳ ಸರಕಾರಕ್ಕೆ ಆಜ್ಞಾಪಿಸಿತು. ಸಿಂಪಡಣೆ ನಿಂತು ಎಷ್ಟೋ ವರ್ಷಗಳಾದ ಮೇಲೂ ಉಳಿಕೆ ಮದ್ದು ಗೋದಾಮಿನ ಪೀಪಾಯಿಗಳಲ್ಲೇ ಬಿದ್ದಿತ್ತು. ತಂದವರಿದ್ದರು, ಹೊಡೆಸಿದವರಿದ್ದರು, ಹಿಂದಕ್ಕೆ ಒಯ್ಯುವವರಿರಲಿಲ್ಲ.

ಆದರೆ ಹೊಸ ಏರ್ಪಾಡೆಂದರೆ ಕಣ್ಣುಮುಚ್ಚಿ ಒಪ್ಪುವಂತಿಲ್ಲ. ಮದ್ದಿನ ಕೆಲಸವನ್ನು ಕಂತ್ರಾಟಿಗೆ ಕೊಟ್ಟು, "ನಮಗೆ ಗೊತ್ತಿಲ್ಲ, ಅವರನ್ನು ಕೇಳಿ" ಎಂದು ಆಡಳಿತದವರು ಕೈತೊಳೆದುಕೊಂಡರೆ ನಮ್ಮ ಪಾಡು ಇನ್ನಷ್ಟು ಕೆಡುತ್ತದೆ. ಕಾನೂನು ಇದಕ್ಕೆ ಎಡೆಗೊಡುವುದಿಲ್ಲ. ರಕ್ಷಣೆಯ ಉಡುಪು, ತರಬೇತಿ, ವೈದ್ಯ ತಪಾಸಣೆ ಒದಗಿಸುವ ಹೊಣೆಯನ್ನು 2010ರಲ್ಲಿ ತೋಟ ಕಾರ್ಮಿಕರ ಕಾಯ್ದೆಗೆ ಸೇರಿಸಲಾಯಿತು. ಆ ಕಾಯ್ದೆಯ ಜಾಗಕ್ಕೆ ಬಂದ 2020ರ ಸಂಹಿತೆಯಲ್ಲೂ ಅದು ಮಾಲಿಕರ ಮೇಲೆಯೇ ಇದೆ.

ಸಹೋದರ ಸಹೋದರಿಯರೇ, ಮುಂದಿನ ಯೂನಿಯನ್ ಮಾತುಕತೆಯಲ್ಲಿ ಸಂಬಳ, ಬೋನಸ್ಸಿನ ಜತೆಗೆ ಮೂರು ಮಾತು ಸೇರಲಿ. ಮದ್ದು ಒಳಬಂದದ್ದಕ್ಕೂ ಖರ್ಚಾದದ್ದಕ್ಕೂ ನಾವು ನೋಡಬಹುದಾದ ಪುಸ್ತಕವಿರಲಿ. ಉಳಿದ ಮದ್ದು, ಖಾಲಿ ಡ್ರಮ್‌ಗಳನ್ನು ಮಾರಿದವರೇ ಹಿಂದಕ್ಕೆ ಒಯ್ಯುವಂತೆ ಕರಾರಿನಲ್ಲಿ ಬರೆಯಲಿ. ಮದ್ದು ಕಡಿಮೆಯಾಯಿತೆಂದು ಯಾರ ಕೆಲಸವೂ ಹೋಗದಿರಲಿ.

ಅಲ್ಲಿಯವರೆಗೆ ನಮ್ಮ ಕೈಯಲ್ಲಿರುವುದನ್ನು ನಾವು ಮಾಡೋಣ. ಡಬ್ಬಿಯ ಮೇಲಿನ ತ್ರಿಕೋನ ನೋಡಿರಿ. ಕೆಂಪು ಅತಿ ಘೋರ ವಿಷ. ಆಮೇಲೆ ಹಳದಿ, ನೀಲಿ, ಹಸುರು. ಹಸುರೂ ವಿಷವೇ. ಖಾಲಿ ಕ್ಯಾನಿನಲ್ಲಿ ನೀರು ತುಂಬಿಡಬೇಡಿರಿ. ಮದ್ದು ಹೊಡೆದ ಬಟ್ಟೆಯನ್ನು ಮಕ್ಕಳ ಬಟ್ಟೆಯೊಡನೆ ಒಗೆಯಬೇಡಿರಿ. ಡ್ರಮ್ಮಿನಲ್ಲಿರುವುದು ಏನೆಂದು ಕೇಳಿರಿ. ಕೇಳುವುದು ತಕರಾರಲ್ಲ, ನಮ್ಮ ಹಕ್ಕು.