ಬೀಜವಿಲ್ಲದ ಬಾಳೆ

ಬಾಳೆಯನ್ನು ಮರವೆನ್ನುತ್ತೇವೆ, ಅದು ಮರವಲ್ಲ. ಕಾಂಡದಂತೆ ಕಾಣುವುದು ಒಂದರ ಮೇಲೊಂದು ಸುತ್ತಿಕೊಂಡ ಎಲೆಗಳ ಪಟ್ಟೆ. ನಿಜವಾದ ಕಾಂಡ ನೆಲದೊಳಗಿನ ಗೆಡ್ಡೆ. ನಾವು ತಿನ್ನುವ ಹಣ್ಣಿನಲ್ಲಿ ಮೊಳೆಯುವ ಬೀಜವಿಲ್ಲವಾದುದರಿಂದ, ಗೆಡ್ಡೆಯಿಂದೊಡೆದ ಕಂದೇ ಅದರ ಸಂತಾನ. ಕಂದುಗಳೆಲ್ಲ ತಾಯಿಯ ಪಡಿಯಚ್ಚು. ಒಂದನ್ನು ಕೊಲ್ಲುವ ರೋಗ ಎಲ್ಲವನ್ನೂ ಕೊಲ್ಲಬಲ್ಲುದು.

ಲ್ಯಾಟಿನ್ ಅಮೆರಿಕದ ರಫ್ತು ತೋಟಗಳನ್ನು ತುಂಬಿದ್ದ ಗ್ರೋ ಮಿಷೆಲ್ ತಳಿಯು ಪನಾಮಾ ಸೊರಗುರೋಗಕ್ಕೆ ಸಿಕ್ಕಿ, ೧೯೬೦ರ ದಶಕದಲ್ಲಿ ವಿಶ್ವವ್ಯಾಪಾರದಿಂದ ಮರೆಯಾಯಿತು. ಅದರ ಸ್ಥಾನಕ್ಕೆ ಬಂದ ಕ್ಯಾವೆಂಡಿಷನ್ನು ಅದೇ ರೋಗದ ಹೊಸ ಬಗೆಯೊಂದು ಮುತ್ತಿದೆ. ನಮ್ಮ ನಂಜನಗೂಡಿನ ರಸಬಾಳೆಯೂ ಸೊರಗಿನಿಂದ ನೊಂದಿದೆ.

ಆದುದರಿಂದ ಒಂದೇ ತಳಿಯನ್ನು ನೆಚ್ಚುವುದು ವಿವೇಕವಲ್ಲವೆಂಬುದು ನಮ್ಮ ಮತ. ಪುಟ್ಟಬಾಳೆ, ರಸಬಾಳೆ, ಬೀಜ ತುಂಬಿದ ಕಾಡುಬಾಳೆ, ಎಲ್ಲಕ್ಕೂ ನೆಲ ದೊರೆಯಬೇಕು. ಕಾಡುಬಾಳೆಯ ಬೀಜ ನಾಲಗೆಗೆ ಬೇಡವಾದರೂ ನಾಳೆಯ ತಳಿಗೆ ಬೇಕು.