ಚಪ್ಪರದ ಹೊರಗಿನ ಕೇಳುಗರು

ಈಚೆಗೆ ಒಂದು ದಿನ ತರಗತಿಯಲ್ಲಿ ತ. ರಾ. ಸುಬ್ಬರಾಯರ ‘ಹಂಸಗೀತೆ’ಯನ್ನು ಕುರಿತು ಮಾತನಾಡುತ್ತಿದ್ದೆ. ಅರಸನ ಅಪ್ಪಣೆಗೆ ಮಣಿದು ಹಾಡಲೊಲ್ಲದೆ ತನ್ನ ನಾಲಗೆಯನ್ನೇ ಕತ್ತರಿಸಿಕೊಂಡ ಭೈರವಿ ವೆಂಕಟಸುಬ್ಬಯ್ಯನ ಕಥೆ ಅದು. 1956ರಲ್ಲಿ ಹಿಂದಿಯಲ್ಲಿಯೂ 1975ರಲ್ಲಿ ಜಿ. ವಿ. ಅಯ್ಯರ್ ಅವರ ಕೈಯಲ್ಲಿ ಕನ್ನಡದಲ್ಲಿಯೂ ಅದು ಚಲನಚಿತ್ರವಾಯಿತೆಂಬುದನ್ನು ಓದುಗರು ಬಲ್ಲರು. ಕಲಾವಿದನ ಸ್ವಾತಂತ್ರ್ಯ, ಆತ್ಮಗೌರವ ಎಂದು ನಾನು ವರ್ಷ ವರ್ಷವೂ ಹೇಳುವ ಮಾತುಗಳನ್ನೇ ಹೇಳಿ ಮುಗಿಸಿ, ಪುಸ್ತಕವನ್ನು ಮುಚ್ಚುವ ಹೊತ್ತಿಗೆ ಹಿಂದಿನ ಬೆಂಚಿನ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು ಕೇಳಿದಳು: “ಸಾರ್, ಅವನು ರಾಜನಿಗೆ ಹಾಡಲಿಲ್ಲ, ದೇವರಿಗೆ ಹಾಡಿದ. ಸರಿ. ನಮಗೆ ಹಾಡಿದವರು ಯಾರು?”

ತರಗತಿ ನಕ್ಕಿತು. ನಾನೂ ನಕ್ಕೆ. ಗಂಟೆ ಬಾರಿಸಿದ್ದರಿಂದ ಬದುಕಿಕೊಂಡೆ. ಆದರೆ ವಿಲ್ಸನ್ ಗಾರ್ಡನ್ನಿನ ಮನೆಗೆ ನಡೆದು ಬರುವ ದಾರಿಯುದ್ದಕ್ಕೂ ಆ ಪ್ರಶ್ನೆ ನನ್ನ ಹಿಂದೆಯೇ ಬಂದಿತು. ಇಪ್ಪತ್ತು ವರ್ಷಗಳ ಅಧ್ಯಾಪನದಲ್ಲಿ ನನ್ನನ್ನು ಇಷ್ಟು ನಾಚಿಸಿದ ಪ್ರಶ್ನೆ ಇನ್ನೊಂದಿಲ್ಲ. ನಾಚಿಕೆಗೆ ಕಾರಣವುಂಟು, ಅದನ್ನು ಮುಂದೆ ಹೇಳುತ್ತೇನೆ.

ಆಧುನಿಕ ಸಮಾಜದಲ್ಲಿ ಶಾಸ್ತ್ರೀಯ ಸಂಗೀತದ ಸ್ಥಾನವೇನೆಂಬ ಚರ್ಚೆ ಎದ್ದಾಗಲೆಲ್ಲ ಎರಡು ಪಕ್ಷಗಳು ಹುಟ್ಟಿಕೊಳ್ಳುತ್ತವೆ. ಸಂಗೀತ ಅಳಿದೇ ಹೋಯಿತೆಂದು ಒಂದು ಪಕ್ಷ ನಿಟ್ಟುಸಿರಿಡುತ್ತದೆ. ಅದು ಎಂದೂ ಕೆಲವರ ಸೊತ್ತೇ ಆಗಿತ್ತು, ಅಳಿದರೆ ಅಳಿಯಲಿ ಎಂದು ಇನ್ನೊಂದು ಪಕ್ಷ ಕೈಕೊಡವುತ್ತದೆ. ಮೊದಲನೆಯವರಿಗೆ ನಾನು ಹೇಳಬೇಕಾದದ್ದು ಹೆಚ್ಚಿಲ್ಲ. ಬೆಂಗಳೂರಿನಲ್ಲಿ ಸಂಗೀತ ಕಲಿಯುವ ಮಕ್ಕಳಿಗೆ ಕೊರತೆಯಿಲ್ಲ. ಜೂನಿಯರ್, ಸೀನಿಯರ್, ವಿದ್ವತ್ ಎಂದು ಪರೀಕ್ಷೆಗಳಿಗೆ ಕೂರುವವರಿದ್ದಾರೆ. 1905ರಲ್ಲಿ ಹುಟ್ಟಿದ ಬೆಂಗಳೂರು ಗಾಯನ ಸಮಾಜ ನೂರು ವರ್ಷ ದಾಟಿಯೂ ಕಚೇರಿಗಳನ್ನು ನಡೆಸುತ್ತಿದೆ. ಎರಡನೆಯ ಪಕ್ಷದ ಮಾತು ಮಾತ್ರ ಅಷ್ಟು ಸುಲಭವಾಗಿ ತಳ್ಳಿಹಾಕುವಂಥದಲ್ಲ.

ಏಕೆಂದರೆ ಅದರಲ್ಲಿ ಸತ್ಯವಿದೆ. ನಂಜನಗೂಡಿನಲ್ಲಿ ಹುಟ್ಟಿ ನಮ್ಮ ಊರಿನ ಹೆಸರನ್ನು ತಮ್ಮ ಹೆಸರಿನ ಹಿಂದೆ ಹೊತ್ತ ನಾಗರತ್ನಮ್ಮನವರು, ತಿರುವೈಯಾರಿನಲ್ಲಿ ಪಾಳುಬಿದ್ದಿದ್ದ ತ್ಯಾಗರಾಜರ ಸಮಾಧಿಗೆ 1920ರ ದಶಕದಲ್ಲಿ ತಮ್ಮ ಗಳಿಕೆಯನ್ನೆಲ್ಲ ಸುರಿದು ಗುಡಿ ಕಟ್ಟಿಸಿದರು. ಅಷ್ಟಾದರೂ ಅಲ್ಲಿನ ಆರಾಧನೆಯಲ್ಲಿ ಹೆಂಗಸರು ಹಾಡುವುದಕ್ಕೆ ಬಹುಕಾಲ ತಡೆಯಿತ್ತು. ಅವರು ಹೆಂಗಸರದೇ ಒಂದು ಆರಾಧನೆಯನ್ನು ಏರ್ಪಡಿಸಬೇಕಾಯಿತು. ಗಂಗೂಬಾಯಿ ಹಾನಗಲ್ ಅವರು 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ, ಗಾಂಧೀಜಿಯವರ ಸಮ್ಮುಖದಲ್ಲಿ, ಸ್ವಾಗತಗೀತೆ ಹಾಡಿದ ಹುಡುಗಿ. ಹಾಡಿಯಾದ ಮೇಲೆ ಜಾತಿಯ ಕಾರಣದಿಂದ ತನ್ನಿಂದ ಊಟದ ಪಂಕ್ತಿಯನ್ನು ಬಳಿಸುವರೋ ಏನೋ ಎಂಬ ಅಂಜಿಕೆ ತಮಗಿತ್ತೆಂದು ಅವರೇ ಮುಂದೆ ನೆನೆದುಕೊಂಡಿದ್ದಾರೆ. ಅಂಥ ಅಂಜಿಕೆಯನ್ನು ಹೊತ್ತುಕೊಂಡೇ ಆ ಹುಡುಗಿ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿಬಂದು ಸವಾಯಿ ಗಂಧರ್ವರಲ್ಲಿ ಪಾಠ ಹೇಳಿಸಿಕೊಂಡಳು. ಮಗಳ ಹಿಂದೂಸ್ತಾನಿ ಕಲಿಕೆಗೆ ತೊಡಕಾಗದಿರಲೆಂದು ತಾಯಿ ಅಂಬಾಬಾಯಿ ತಮ್ಮ ಕರ್ನಾಟಕ ಸಂಗೀತವನ್ನೇ ಬಿಟ್ಟುಕೊಟ್ಟರು. ಈ ಬಗೆಯ ತ್ಯಾಗಗಳ ಮೇಲೆ ನಿಂತ ಕಲೆಯನ್ನು ಬರಿಯ ಮೇಲ್ವರ್ಗದ ವಿನೋದವೆನ್ನುವುದೂ ಅನ್ಯಾಯ. ಮೇಲ್ವರ್ಗ ಅದಕ್ಕೆ ಬಾಗಿಲು ಹಾಕಿ ಕಾವಲು ನಿಂತಿದ್ದುದನ್ನು ಮರೆಯುವುದೂ ಅನ್ಯಾಯ.

ಹಾಗಿದ್ದರೆ ಬಾಗಿಲು ತೆರೆದದ್ದು ಎಲ್ಲಿ? ಉತ್ತರ ಕರ್ನಾಟಕದಲ್ಲಿ ಆ ಕೆಲಸವನ್ನು ಬಹುಮಟ್ಟಿಗೆ ನಾಟಕ ಕಂಪನಿಗಳು ಮಾಡಿದುವೆಂದು ನನಗೆ ತೋರುತ್ತದೆ. ಮಲ್ಲಿಕಾರ್ಜುನ ಮನ್ಸೂರರು ಬಾಲನಟರಾಗಿ ಬಣ್ಣ ಹಚ್ಚಿದವರು. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳೂ ಅವರ ತರುವಾಯ ಪುಟ್ಟರಾಜ ಗವಾಯಿಗಳೂ, ಇಬ್ಬರೂ ಕಣ್ಣಿಲ್ಲದವರು, ಕಣ್ಣಿಲ್ಲದ ಬಡಮಕ್ಕಳಿಗೆ ಅನ್ನವಿಟ್ಟು ಸಂಗೀತ ಕಲಿಸಿದರು. ಆ ಅನ್ನದ ಖರ್ಚಿಗಾಗಿ ನಾಟಕ ಕಂಪನಿಯನ್ನೂ ನಡೆಸಿದರು. ಜಾತ್ರೆಗೆ ಬಂಡಿ ಹೂಡಿಕೊಂಡು ಬಂದ ರೈತ ನಾಟಕದ ಪದವೆಂದು ಕೇಳಿ ತಲೆದೂಗಿದ್ದು ಭೀಮ್‌ಪಲಾಸವೋ ಮಾಲಕಂಸವೋ ಆಗಿರುತ್ತಿತ್ತು. ಹೆಸರು ಅವನಿಗೆ ಬೇಕಿರಲಿಲ್ಲ.

ಬೆಂಗಳೂರಿನಲ್ಲಿ ಈ ಕೆಲಸ ಮಾಡಿದ್ದು ರಾಮನವಮಿಯ ಚಪ್ಪರ. ಚಾಮರಾಜಪೇಟೆಯಲ್ಲಿ ಎಸ್. ವಿ. ನಾರಾಯಣಸ್ವಾಮಿ ರಾಯರು 1939ರಲ್ಲಿ ಆರಂಭಿಸಿದ ಶ್ರೀ ರಾಮಸೇವಾ ಮಂಡಳಿಯ ಕಚೇರಿಗಳು ಕೋಟೆ ಪ್ರೌಢಶಾಲೆಯ ಮೈದಾನದಲ್ಲಿ ನಡೆಯುತ್ತ ಬಂದಿರುವುದು ಎಲ್ಲರಿಗೂ ತಿಳಿದ ಸಂಗತಿ. ನನ್ನ ತಂದೆಯವರು ಒಂದು ಮುದ್ರಣಾಲಯದಲ್ಲಿ ಅಕ್ಷರ ಜೋಡಿಸುವ ಕೆಲಸದಲ್ಲಿದ್ದರು. ಸಂಜೆ ಕೈಯ ಮಸಿಯನ್ನು ಸೀಮೆಎಣ್ಣೆಯಿಂದ ಒರೆಸಿಕೊಂಡು, ವಿಲ್ಸನ್ ಗಾರ್ಡನ್ನಿನಿಂದ ಹೊರಟು, ಮಿನರ್ವ ವೃತ್ತವನ್ನು ದಾಟಿ, ಕೋಟೆ ಶಾಲೆಯವರೆಗೂ ನಡೆದೇ ಹೋಗುವರು. ಟಿಕೆಟಿಗೆ ಹಣವಿರಲಿಲ್ಲ. ಚಪ್ಪರದ ಹೊರಗೆ ನೆಲದ ಮೇಲೆ ಹಳೆಯ ಪತ್ರಿಕೆಯ ಹಾಳೆ ಹಾಸಿ ಕುಳಿತರೆ ಕಚೇರಿ ಮುಗಿಯುವವರೆಗೆ ಏಳುತ್ತಿರಲಿಲ್ಲ. ಎಂ. ಎಸ್. ಸುಬ್ಬುಲಕ್ಷ್ಮಿಯವರನ್ನು ತಾವು ಕಂಡೇ ಇಲ್ಲ, ಕೇಳಿದ್ದು ಮಾತ್ರ ಹೊಟ್ಟೆ ತುಂಬ ಎಂದು ಹೇಳುತ್ತಿದ್ದರು. ಅಕ್ಕಪಕ್ಕದಲ್ಲಿ ಕುಳಿತವರು ಯಾರೆಂದು ನಾನು ಚಿಕ್ಕಂದಿನಲ್ಲಿ ಕೇಳಿದ್ದುಂಟು. ಮಾರ್ಕೆಟ್ಟಿನಲ್ಲಿ ಹೂವು ಮಾರಿ ಬುಟ್ಟಿ ಬರಿದಾದವರು, ಬಾಡಿಗೆ ಗಾಡಿಯವರು, ಮರುದಿನ ಪರೀಕ್ಷೆಯಿದ್ದರೂ ಹಾಸ್ಟೆಲಿನಿಂದ ತಪ್ಪಿಸಿಕೊಂಡು ಬಂದ ವಿದ್ಯಾರ್ಥಿಗಳು. ರಾಗ ಆಲಾಪನೆ ಯಾವುದೆಂದು ತಿಳಿಯದಿದ್ದರೆ ಪಕ್ಕದವನನ್ನು ಕೇಳುವುದು, ಅವನು ತಪ್ಪು ಹೇಳುವುದು, ಮೂರನೆಯವನು ತಿದ್ದುವುದು. ನನ್ನ ತಂದೆ ಕಾಂಬೋಜಿಯನ್ನು ಗುರುತಿಸಲು ಕಲಿತದ್ದು ಹೀಗೆ, ಮೂವರು ಅಪರಿಚಿತರ ಜಗಳದಿಂದ. ಅದು ಹರಿಕಾಂಬೋಜಿಯೆಂದು ಕೊನೆಯವರೆಗೂ ವಾದಿಸಿದವನೊಬ್ಬನ ವಿಷಯ ಹೇಳಿ ಅವರು ನಗುತ್ತಿದ್ದರು.

ಒಳಗಿನವರ ಹಣದಿಂದ ಕಚೇರಿ ನಡೆಯುತ್ತಿತ್ತು, ನಿಜ. ಆದರೆ ಚಪ್ಪರಕ್ಕೆ ಗೋಡೆಯಿರಲಿಲ್ಲ. ನನ್ನ ವಾದವೆಲ್ಲ ಈ ಒಂದು ವಾಸ್ತುವಿಷಯದ ಮೇಲೆಯೇ ನಿಂತಿದೆಯೆಂದು ವಿದ್ವಾಂಸರು ಹಾಸ್ಯಮಾಡಬಹುದು.

ಹೊರಗಿನ, ಹಿಂದಿನ ಕೇಳುಗನಿಂದ ಕಲೆಗೇ ಆದ ಉಪಕಾರವನ್ನು ಮರೆಯಬಾರದು. ತಿರುಮಕೂಡಲು ಚೌಡಯ್ಯನವರು ಪಿಟೀಲಿಗೆ ನಾಲ್ಕರ ಬದಲು ಏಳು ತಂತಿಗಳನ್ನು ಕಟ್ಟಿದ್ದು 1927ರ ಸುಮಾರಿಗೆ. ಧ್ವನಿವರ್ಧಕ ಇನ್ನೂ ಬಳಕೆಗೆ ಬಂದಿರದ ಕಾಲ. ದೊಡ್ಡ ಸಭೆಯಲ್ಲಿ ಕೊನೆಯ ಸಾಲಿಗೆ ಪಿಟೀಲಿನ ನಾದ ಮುಟ್ಟುತ್ತಿರಲಿಲ್ಲ. ಮುಂದಿನ ಸಾಲಿನ ರಸಿಕರನ್ನಷ್ಟೇ ನೆಚ್ಚಿಕೊಂಡಿದ್ದರೆ ಅವರಿಗೆ ನಾಲ್ಕು ತಂತಿಯೇ ಸಾಕಾಗಿತ್ತು. ಹಿಂದೆ ಕುಳಿತವನಿಗೂ ಕೇಳಬೇಕೆಂಬ ಹಟದಿಂದ ವಾದ್ಯದ ರೂಪವೇ ಬದಲಾಯಿತು. ಆ ಮಹನೀಯರ ನೆನಪಿಗೆ ನಾವು 1980ರಲ್ಲಿ ಪಿಟೀಲಿನದೇ ಆಕಾರದ ಸುಂದರ ಭವನವನ್ನು ಕಟ್ಟಿದೆವು. ಅಲ್ಲಿ ನಾನೂ ಅನೇಕ ಸಲ ಕುಳಿತು ಸುಖಪಟ್ಟಿದ್ದೇನೆ. ಒಳಗಿನ ಸ್ವರ ಬೀದಿಗೆ ಕೇಳುವುದಿಲ್ಲ; ಬೀದಿಯ ಗದ್ದಲವೂ ಒಳಕ್ಕೆ ಬರುವುದಿಲ್ಲ. ಭವನಗಳ ಗುಣವೇ ಅದು. ಅದಕ್ಕಾಗಿ ಅವನ್ನು ದೂರಿ ಫಲವಿಲ್ಲ.

ಇನ್ನು ನನ್ನ ನಾಚಿಕೆಯ ಕಥೆ. ನಮ್ಮ ಬೀದಿಯ ತಿರುವಿನಲ್ಲಿಯೂ ಪ್ರತಿ ಚೈತ್ರದಲ್ಲಿ ಐದು ಸಂಜೆ ಸಣ್ಣದೊಂದು ರಾಮೋತ್ಸವ ನಡೆಯುತ್ತಿತ್ತು. ದೊಡ್ಡ ವಿದ್ವಾಂಸರಾರೂ ಅಲ್ಲ. ಬಡಾವಣೆಯ ಅಧ್ಯಾಪಕಿಯರು, ಅವರ ಶಿಷ್ಯರು, ಒಮ್ಮೊಮ್ಮೆ ಬಾನುಲಿ ಕಲಾವಿದರು. ಪಾನಕ, ಕೋಸಂಬರಿ, ಒಂದು ಮೃದಂಗ. ಆರು ವರ್ಷಗಳ ಹಿಂದೆ, ರಸ್ತೆಯಲ್ಲಿ ಚಪ್ಪರ ಹಾಕುವುದರಿಂದ ವಾಹನಗಳಿಗೆ ಅಡಚಣೆ, ಧ್ವನಿವರ್ಧಕದಿಂದ ಮಕ್ಕಳ ಓದಿಗೆ ತೊಂದರೆ, ಆದುದರಿಂದ ಉತ್ಸವವನ್ನು ಬೇರೆಡೆಗೆ ಸಾಗಿಸಬೇಕು ಎಂದು ನಿವಾಸಿಗಳು ಕೆಲವರು ಮನವಿ ಸಿದ್ಧಪಡಿಸಿದರು. ನಾನು ಅದಕ್ಕೆ ರುಜು ಹಾಕಿದೆ. ಅಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ; ಕನ್ನಡ ಮೇಷ್ಟರೆಂದು ಮನವಿಯನ್ನು ನನ್ನಿಂದಲೇ ಬರೆಯಿಸಿದರು. ಭಾಷೆ ಚೆನ್ನಾಗಿದೆಯೆಂದು ಎಲ್ಲರೂ ಹೊಗಳಿದರು. ಮನವಿಯಲ್ಲಿ ಬರೆಯದ ನಿಜವಾದ ಕಾರಣವೆಂದರೆ ಆ ಐದು ಸಂಜೆ ನಮ್ಮ ಕಾರುಗಳನ್ನು ನಿಲ್ಲಿಸಲು ಜಾಗವಿರುತ್ತಿರಲಿಲ್ಲ.

ಉತ್ಸವ ಸಮೀಪದ ಕಲ್ಯಾಣಮಂಟಪವೊಂದರ ಮಹಡಿಗೆ ಹೋಯಿತು. ಮೊದಲ ಸಂಜೆ ನಾನು ಹೋದೆ. ಒಳ್ಳೆಯ ಕುರ್ಚಿಗಳು, ಬೀಸಣಿಗೆಗಳು, ನಲವತ್ತು ಮಂದಿ. ಎಲ್ಲರೂ ಒಬ್ಬರನ್ನೊಬ್ಬರು ಬಲ್ಲವರೇ. ಏನೋ ಕಡಮೆಯಾಗಿದೆಯೆಂದು ತೋರಿತು. ಏನೆಂದು ಆಗ ಹೊಳೆಯಲಿಲ್ಲ.

ನಮ್ಮ ತಿರುವಿನಲ್ಲಿ ಇಸ್ತ್ರಿ ಗಾಡಿಯವರೊಬ್ಬರಿದ್ದಾರೆ. ಚಪ್ಪರ ಅವರ ಗಾಡಿಯ ಎದುರಿಗೇ ಇರುತ್ತಿತ್ತು. ಹಿಂದೊಂದು ವರ್ಷ, ಉತ್ಸವದ ಮೂರನೆಯ ದಿನ, ನನ್ನ ಅಂಗಿಗಳನ್ನು ಮಡಿಸುತ್ತ ಅವರು, “ಮೊನ್ನೆ ಆಯಮ್ಮ ಎರಡನೆಯದಾಗಿ ಹಾಡಿದರಲ್ಲ, ಅದನ್ನು ನೆನ್ನೆ ಯಾರೂ ಹಾಡಲಿಲ್ಲ” ಎಂದಿದ್ದರು. ಯಾವುದೆಂದು ಕೇಳಿದಾಗ ಮೂಗಿನಲ್ಲೇ ಒಂದಿಷ್ಟು ಗುನುಗಿದರು. ಸ್ವಚ್ಛವಾದ ಕಲ್ಯಾಣಿ. ಉತ್ಸವ ಮಹಡಿಗೆ ಹೋದ ಮೇಲೆ ಅವರು ಅಲ್ಲಿಗೆ ಬರಲಿಲ್ಲ. ಎಲ್ಲರೂ ಬರಬಹುದು, ಹಣವಿಲ್ಲ ಎಂದು ನಾನೇ ಹೇಳಿದೆ. “ಮೇಲಕ್ಕೆ ಬಂದರೆ ಕೂರಬೇಕಲ್ಲ ಸ್ವಾಮಿ. ಇಲ್ಲಿದ್ದಾಗ ಕೆಲಸ ಮಾಡಿಕೊಂಡೇ ಕೇಳುತ್ತಿದ್ದೆ” ಎಂದರು. ಅವರ ಮಾತಿನಲ್ಲಿ ದೂರಿನ ಸುಳಿವೂ ಇರಲಿಲ್ಲ. ಮನವಿಯನ್ನು ಬರೆದವನು ನಾನೆಂದು ಅವರಿಗೆ ಇಂದಿಗೂ ತಿಳಿಯದು. ಈ ಪುಟವನ್ನು ಅವರು ಓದಿದರೆ ತಿಳಿಯಲಿ.

ಮಿತ್ರರೊಬ್ಬರು ಇದನ್ನು ಕೇಳಿ ನಕ್ಕುಬಿಟ್ಟರು. ಇಂದು ಪ್ರತಿಯೊಬ್ಬನ ಜೇಬಿನಲ್ಲಿಯೂ ದೂರವಾಣಿಯಿದೆ. ಭೀಮಸೇನ ಜೋಶಿಯವರು ಬೇಕೆಂದರೆ ಅರ್ಧ ನಿಮಿಷದಲ್ಲಿ ಹಾಡುತ್ತಾರೆ, ಅದೂ ಬಿಟ್ಟಿಯಾಗಿ. ನಿಮ್ಮ ಚಪ್ಪರ ಯಾರಿಗೆ ಬೇಕು ಎಂದರು. ಮಾತು ಬಲವಾದದ್ದೇ. ನಾನೂ ರಾತ್ರಿ ಉತ್ತರಪತ್ರಿಕೆಗಳನ್ನು ತಿದ್ದುವಾಗ ಮನ್ಸೂರರನ್ನು ಹಾಗೆಯೇ ಕೇಳುತ್ತೇನೆ. ಆದರೆ ನನಗೆ ಮನ್ಸೂರರ ಹೆಸರು ಗೊತ್ತು. ಹೆಸರು ಗೊತ್ತಿರುವವನಿಗೆ ಮಾತ್ರ ಆ ಪೆಟ್ಟಿಗೆ ಬಾಗಿಲು ತೆರೆಯುತ್ತದೆ. ಗೊತ್ತಿಲ್ಲದವನಿಗೆ ಅವನು ನಿನ್ನೆ ಕೇಳಿದ್ದನ್ನೇ ಇಂದೂ ಬಡಿಸುತ್ತದೆ. ನನ್ನ ತಂದೆ ಕಾಂಬೋಜಿಯನ್ನು ಹುಡುಕಿಕೊಂಡು ಹೋದವರಲ್ಲ. ಮೊದಲ ಸಲ ಅವರು ಮಾರ್ಕೆಟ್ಟಿಗೆ ತರಕಾರಿ ತರಲು ಹೊರಟಿದ್ದರು. ಕಿವಿಗೆ ಬಿದ್ದದ್ದರಿಂದ ನಿಂತರು. ಆ ರಾತ್ರಿ ಮನೆಯಲ್ಲಿ ತರಕಾರಿಯಿಲ್ಲದೆ ಅಜ್ಜಿಯಿಂದ ಬೈಸಿಕೊಂಡದ್ದೂ ಉಂಟು.

ಧ್ವನಿವರ್ಧಕದ ಹಾವಳಿಯನ್ನು ಸಮರ್ಥಿಸುವವನೆಂದು ದಯವಿಟ್ಟು ನನ್ನನ್ನು ತಿಳಿಯಬಾರದು. ಶಬ್ದಮಾಲಿನ್ಯವನ್ನು ಕುರಿತ 2000ದ ನಿಯಮಗಳು ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಅದನ್ನು ಕಟ್ಟಿಹಾಕಿರುವುದು ಒಳ್ಳೆಯದೇ. ವರ್ಷದ ಮುನ್ನೂರು ದಿನ ಯಾವ ಯಾವುದೋ ನೆಪದಲ್ಲಿ ಕಿವಿ ಒಡೆಯುವ ಅಬ್ಬರವನ್ನು ಸಹಿಸಿಕೊಳ್ಳುವ ನಾವು, ಒಂದು ತಂಬೂರಿಯ ವಿಷಯಕ್ಕೆ ಬಂದಾಗ ಮಾತ್ರ ಕಾನೂನಿನ ಪುಸ್ತಕವನ್ನು ತೆರೆಯುತ್ತೇವೆಂಬುದಷ್ಟೇ ನನ್ನ ಆಕ್ಷೇಪ. ಅಬ್ಬರದವರನ್ನು ಕಂಡರೆ ನಮಗೆ ಹೆದರಿಕೆ. ಸಂಗೀತದವರು ಸಾಧುಗಳು, ಹೇಳಿದರೆ ಕೇಳುತ್ತಾರೆ, ಮಹಡಿ ಹತ್ತುತ್ತಾರೆ.

ಸಂಗೀತದವರ ಪಾಲಿನ ತಪ್ಪೂ ಇದೆ. ಮಹಡಿಯಲ್ಲಿ ಅವರಿಗೆ ಹಿತವಾಗಿಯೇ ಇದೆ. ಆಟೊರಿಕ್ಷಾದ ಸದ್ದಿಲ್ಲ, ನಡುವೆ ಎದ್ದು ಹೋಗುವವರಿಲ್ಲ, ಮುಂದಿನ ಸಾಲು ತಾಳ ಹಾಕುತ್ತದೆ. ಚೌಡಯ್ಯನವರಿಗೆ ಎಂಟನೆಯ ತಂತಿಯನ್ನು ಕಟ್ಟುವ ಶಿಷ್ಯರು ಬೇಕಾಗಿದ್ದಾರೆಯೇ ಎಂದು ಕಚೇರಿ ಮುಗಿದ ಮೇಲೆ ಒಬ್ಬ ಯುವ ವಿದುಷಿಯನ್ನು ಕೇಳಿದೆ. ಅವರು ವಿನೋದವೆಂದು ತಿಳಿದು ನಕ್ಕರು.

ಮರುವಾರ ತರಗತಿಯಲ್ಲಿ ಆ ವಿದ್ಯಾರ್ಥಿನಿಗೆ ಗವಾಯಿಗಳ ವಿಷಯ, ಗಂಗೂಬಾಯಿಯವರ ವಿಷಯ, ಕೋಟೆ ಶಾಲೆಯ ಮೈದಾನದ ವಿಷಯ ಹೇಳಿದೆ. ಅವಳು ಬರೆದುಕೊಂಡಳು. ಆಮೇಲೆ, “ಅದೆಲ್ಲ ಆಗ, ಸಾರ್” ಎಂದಳು. ಅವಳ ಮನೆ ಲಕ್ಕಸಂದ್ರದಲ್ಲಿ, ನಮ್ಮ ಬೀದಿಯಿಂದ ಹೆಚ್ಚು ದೂರವೇನಲ್ಲ.

ಈ ವರ್ಷ ಉತ್ಸವಕ್ಕೆ ಮುಂಚೆ ನಾನು ಇನ್ನೊಂದು ಮನವಿಯನ್ನು ಬರೆದಿದ್ದೇನೆ. ಐದು ಸಂಜೆಗಳಲ್ಲಿ ಒಂದನ್ನಾದರೂ ಕೆಳಗೆ, ಹಿಂದಿನ ಜಾಗದಲ್ಲಿ, ಒಂಬತ್ತು ಗಂಟೆಗೆ ಮುಗಿಯುವಂತೆ, ಸಣ್ಣ ಧ್ವನಿವರ್ಧಕವಿಟ್ಟು ನಡೆಸಬೇಕೆಂಬುದು ಅದರ ಸಾರಾಂಶ. ಹಿಂದಿನ ಮನವಿಗೆ ರುಜು ಹಾಕಿದ್ದವರಲ್ಲಿ ಇಬ್ಬರು ಇದಕ್ಕೂ ಹಾಕಿದ್ದಾರೆ. ಬಡಾವಣೆಯ ಹಿರಿಯರೊಬ್ಬರು ಪೂರ್ತಿ ಓದಿ, ಭಾಷೆ ಈ ಸಲವೂ ಚೆನ್ನಾಗಿದೆ, ಆದರೆ ಹದಿನಾಲ್ಕು ಕಾರುಗಳನ್ನು ಎಲ್ಲಿ ನಿಲ್ಲಿಸುವುದು ಎಂದು ಕೇಳಿದರು. ನನ್ನದನ್ನು ಆ ಸಂಜೆ ಕಾಲೇಜಿನ ಆವರಣದಲ್ಲಿಯೇ ಬಿಟ್ಟು ನಡೆದು ಬರುತ್ತೇನೆಂದು ಅಂಚಿನಲ್ಲಿ ಬರೆದು ರುಜು ಹಾಕಿಕೊಟ್ಟಿದ್ದೇನೆ. ಉಳಿದ ಹದಿಮೂರರ ವಿಷಯ ಮುಂದಿನ ಭಾನುವಾರದ ಸಭೆಗೆ ಬರಲಿದೆ.